ಮಾನ್ವಿಯ ಬಿಸಿಲಿನಲ್ಲಿ ಒಂದು ಪ್ರೊಸೆಸರ್

ರಾಯಚೂರು, ದೇವದುರ್ಗ, ಮಾನ್ವಿ ಕಡೆ ಮೇಜಿನ ಕೆಳಗಿರುವ ಇಡೀ ಡಬ್ಬಿಗೇ ‘ಸಿಪಿಯು’ ಎನ್ನುವುದು ರೂಢಿ. ‘ಸಿಪಿಯು ಸ್ಲೋ ಆಗೈತ್ರಿ, ಸ್ವಲ್ಪ ನೋಡ್ರಿ’ ಎಂದು ರಿಪೇರಿ ಅಂಗಡಿಗೆ ಹೊತ್ತು ತರುವುದು ಆ ಡಬ್ಬಿಯನ್ನೇ. ನಿಜವಾದ ಸಿಪಿಯು, ಅಂದರೆ ಪ್ರೊಸೆಸರ್, ಅದರೊಳಗೆ ಫ್ಯಾನಿನ ಅಡಿಯಲ್ಲಿ ಕುಳಿತಿರುವ ಬಿಸ್ಕತ್ತಿನಷ್ಟು ಅಗಲದ ಚೌಕ. ಅದನ್ನು ಹೊತ್ತುಕೊಂಡ ಹಲಗೆ ಮದರ್‌ಬೋರ್ಡ್. ಈ ಎರಡರ ಜೋಡಿಯನ್ನು ಅರಿತುಕೊಂಡರೆ, ಹಳೆಯ ಡಬ್ಬಿಯನ್ನು ಗುಜರಿಗೆ ಹಾಕದೆ ಇನ್ನೂ ನಾಲ್ಕೈದು ವರ್ಷ ದುಡಿಸಿಕೊಳ್ಳಬಹುದು.

ಈಗ ಈ ಮಾತು ಎತ್ತಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್, ಎಎಂಡಿಯಲ್ಲಿ ಬಹುಮಟ್ಟಿಗೆ ರೈಜೆನ್ 2000 ಸರಣಿಯಿಂದ ಈಚಿನದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ‘ನುಡಿ’ಯೋ ‘ಬರಹ’ವೋ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುತ್ತ, ಆನ್‌ಲೈನ್ ಅರ್ಜಿ ತುಂಬುತ್ತ ಸುಖವಾಗಿದ್ದ ಎಷ್ಟೋ ಕಂಪ್ಯೂಟರ್‌ಗಳು ಒಂದೇ ದಿನದಲ್ಲಿ ‘ಹಳೆಯವು’ ಆದವು.

ಆದರೆ ನಿಧಾನಕ್ಕೆ ಪ್ರೊಸೆಸರ್ ಒಂದೇ ಕಾರಣವಲ್ಲ. ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿ, ನಾಲ್ಕು ಜಿಬಿ ರ‍್ಯಾಮ್ ಇದ್ದದ್ದನ್ನು ಎಂಟಕ್ಕೆ ಏರಿಸಿದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಪ್ರೊಸೆಸರಿಗೆ ಕೈ ಹಾಕಬೇಕಾದದ್ದು ಆಮೇಲೆ.

ಕೈ ಹಾಕುವ ಮುನ್ನ ನೋಡಬೇಕಾದದ್ದು ಸಾಕೆಟ್. ಪ್ರೊಸೆಸರ್ ಕೂರುವ ಪೀಠ ಅದು; ಪೀಠ ಹೊಂದದಿದ್ದರೆ ಎಂಥ ಚಿಪ್ ತಂದರೂ ವ್ಯರ್ಥ. ಇದರ ಬೆಲೆ ಗೊತ್ತಾಗುವ ಒಂದು ಉದಾಹರಣೆ ನಮ್ಮ ರಾಜ್ಯದಲ್ಲೇ ಹುಟ್ಟಿದೆ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಕ್ಸಿಯಾನ್ 7400, ಆರು ಕೋರ್‌ಗಳ ಸರ್ವರ್ ಪ್ರೊಸೆಸರ್, ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. ಸುಮಾರು 190 ಕೋಟಿ ಟ್ರಾನ್ಸಿಸ್ಟರ್‌ಗಳಿದ್ದ ಆ ಚಿಪ್ಪನ್ನು ಹಿಂದಿನ 7300 ಸರಣಿಯ ಬೋರ್ಡಿನ ಅದೇ ಸಾಕೆಟ್‌ನಲ್ಲಿ ಕೂರಿಸಬಹುದಿತ್ತು. ಲಕ್ಷಾಂತರ ರೂಪಾಯಿಯ ಸರ್ವರ್ ಕೊಂಡವರು ಚಿಪ್ ಮಾತ್ರ ಬದಲಿಸಿ ಮುಂದೆ ಹೋದರು.

ಮನೆಯ ಕಂಪ್ಯೂಟರಿನಲ್ಲಿ ಆ ಸೌಜನ್ಯ ಎಲ್ಲ ಕಾಲಕ್ಕೂ ಸಿಕ್ಕಿಲ್ಲ. ಇಂಟೆಲ್‌ನ ಆರು, ಏಳನೇ ತಲೆಮಾರಿನ ಬೋರ್ಡುಗಳ ಸಾಕೆಟ್ ಎಲ್‌ಜಿಎ 1151. ಎಂಟನೇ ತಲೆಮಾರಿನದೂ 1151. ಹೆಸರು ಒಂದೇ, ಗಾತ್ರ ಒಂದೇ, ಆದರೂ ಹಳೆಯ ಬೋರ್ಡಿನಲ್ಲಿ ಎಂಟನೆಯದು ಏಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹೆಚ್ಚು ಮೋಸಹೋಗುವ ಜಾಗ ಇದೇ. ನಾಲ್ಕನೇ ತಲೆಮಾರಿನ ಎಚ್81 ಬೋರ್ಡ್ ಇದ್ದವರು ಎರಡು ಕೋರಿನ ಐ3-4130 ತೆಗೆದು ನಾಲ್ಕು ಕೋರಿನ ಐ5-4570 ಹಾಕಿಕೊಳ್ಳಬಹುದು, ಅಗ್ಗ, ಸುಲಭ. ವಿಂಡೋಸ್ 11ರ ಪಟ್ಟಿಗೆ ಮಾತ್ರ ಅದೂ ಸೇರುವುದಿಲ್ಲ.

ಎಎಂಡಿಯ ಎಎಂ4 ಸಾಕೆಟ್ ಬಡವರ ಪಾಲಿಗೆ ದೊಡ್ಡ ಉಪಕಾರ ಮಾಡಿತು. 2017ರ ಮೊದಲ ರೈಜೆನ್‌ಗೆ ಕೊಂಡ ಎಷ್ಟೋ ಬೋರ್ಡುಗಳಲ್ಲಿ ಐದು ವರ್ಷದ ನಂತರ ರೈಜೆನ್ 5000 ಸರಣಿಯೂ ಕೂರುವಂತಾಯಿತು. ನಾಲ್ಕು ಕೋರಿನ 2200ಜಿ ತೆಗೆದು ಆರು ಕೋರಿನ 5600ಜಿ ಹಾಕಿದರೆ ಬೋರ್ಡ್, ರ‍್ಯಾಮ್, ಎಸ್‌ಎಂಪಿಎಸ್ ಎಲ್ಲವೂ ಉಳಿಯುತ್ತವೆ. ಹೆಸರಿನ ಕೊನೆಯ ‘ಜಿ’ ಅಕ್ಷರ ಮರೆಯಬಾರದು: ಬರೀ 5600ರಲ್ಲಿ ಗ್ರಾಫಿಕ್ಸ್ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯಲ್ಲಿ ಅದನ್ನು ಹಾಕಿದರೆ ಪರದೆ ಕಪ್ಪಾಗಿಯೇ ಇರುತ್ತದೆ.

ಹೊಸ ಚಿಪ್ ಹಾಕುವ ಮೊದಲೇ, ಹಳೆಯದು ಕೂತಿರುವಾಗಲೇ, ಬೋರ್ಡಿನ ಬಯಾಸ್, ಅಂದರೆ ಅದನ್ನು ಎಬ್ಬಿಸುವ ಮೂಲ ತಂತ್ರಾಂಶ, ಅಪ್‌ಡೇಟ್ ಆಗಬೇಕು. ಆ ಹೊತ್ತಿನಲ್ಲಿ ಕರೆಂಟ್ ಕೈ ಕೊಡಬಾರದು. ಶಕ್ತಿನಗರದ 1,720 ಮೆಗಾವಾಟ್ ವಿದ್ಯುತ್ ಸ್ಥಾವರ ಇದೇ ರಾಯಚೂರು ಜಿಲ್ಲೆಯಲ್ಲಿದೆ, 1985ರಿಂದ ರಾಜ್ಯಕ್ಕೆ ಬೆಳಕು ಕೊಡುತ್ತಿದೆ. ಆದರೂ ಹಳ್ಳಿಗಳಲ್ಲಿ ಕರೆಂಟ್ ಹೋಗಿಬರುವುದು ತಪ್ಪಿಲ್ಲ. ಬಯಾಸ್ ಬರೆಯುತ್ತಿರುವ ಆ ಕೆಲವು ನಿಮಿಷಗಳಲ್ಲಿ ಕರೆಂಟ್ ಹೋದರೆ ಬೋರ್ಡ್ ಮತ್ತೆ ಏಳದಿರಬಹುದು. ಬ್ಯಾಟರಿ ಚೆನ್ನಾಗಿರುವ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಲೇಬಾರದು. ಅರ್ಥಿಂಗ್ ಸರಿಯಿಲ್ಲದೆ ಡಬ್ಬಿ ಮುಟ್ಟಿದರೆ ಜುಮ್ಮೆನ್ನುವ ಮನೆಗಳಲ್ಲಿ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸುವುದು ಜಾಣತನ.

ಇನ್ನು ಓವರ್‌ಕ್ಲಾಕಿಂಗ್. ಪ್ರೊಸೆಸರಿನ ವೇಗ ಒಂದು ಗುಣಾಕಾರ: ಬೋರ್ಡ್ ಕೊಡುವ ಮೂಲ ಮಿಡಿತ 100 ಮೆಗಾಹರ್ಟ್ಸ್, ಚಿಪ್ಪಿನ ಗುಣಕ 36 ಆದರೆ ವೇಗ 3.6 ಗಿಗಾಹರ್ಟ್ಸ್. ಈ ಎರಡರಲ್ಲಿ ಒಂದನ್ನು ಕಂಪನಿ ನಿಗದಿ ಮಾಡಿದ್ದಕ್ಕಿಂತ ಮೇಲೆ ಎಳೆಯುವುದೇ ಓವರ್‌ಕ್ಲಾಕಿಂಗ್.

ಇದು ದೊಡ್ಡ ಹೆಸರು ಮಾಡಿದ್ದು ಒಂದು ಅಗ್ಗದ ಚಿಪ್ಪಿನಿಂದ. 1998ರ ಆಗಸ್ಟಿನಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಬೆಲೆ 149 ಡಾಲರ್. ಅದರ ಗುಣಕ 4.5ಕ್ಕೆ ಬೀಗ ಬಿದ್ದಿತ್ತು, ಮೂಲ ಮಿಡಿತ 66. ಮಿಡಿತವನ್ನು 100ಕ್ಕೆ ಏರಿಸಿದ ಹವ್ಯಾಸಿಗಳಿಗೆ 300 ಮೆಗಾಹರ್ಟ್ಸಿನ ಚಿಪ್ 450ರಲ್ಲಿ ಓಡತೊಡಗಿತು. ಅದೇ ವೇಗದ ಪೆಂಟಿಯಂ 2ಕ್ಕೆ ಆಗ ನಾಲ್ಕು ಪಟ್ಟಿಗೂ ಮೀರಿದ ಬೆಲೆ. ದುಡ್ಡಿಲ್ಲದ ಹುಡುಗರು ದುಡ್ಡಿದ್ದವರ ಯಂತ್ರಕ್ಕೆ ಸರಿಸಮ ನಿಂತ ಆ ಗಳಿಗೆಯ ಖುಷಿ ಇವತ್ತಿಗೂ ಈ ಹವ್ಯಾಸವನ್ನು ಜೀವಂತ ಇಟ್ಟಿದೆ.

ಆದರೆ ಅಂಥ ಪುಕ್ಕಟೆ ಫಸಲು ಈಗ ಹೊಲದಲ್ಲಿ ಉಳಿದಿಲ್ಲ. ಇಂದಿನ ಚಿಪ್‌ಗಳು ಟರ್ಬೊ, ಬೂಸ್ಟ್ ಎಂಬ ಹೆಸರಿನಲ್ಲಿ ತಾವೇ ತಮ್ಮ ಮಿತಿಯ ಹತ್ತಿರ ಓಡುತ್ತವೆ. ಇಂಟೆಲ್‌ನಲ್ಲಿ ‘ಕೆ’ ಅಕ್ಷರದ ಚಿಪ್, ‘ಝಡ್’ ಸರಣಿಯ ಬೋರ್ಡ್ ಎರಡೂ ಇದ್ದರೆ ಮಾತ್ರ ಬೀಗ ತೆರೆಯುತ್ತದೆ, ಎರಡೂ ದುಬಾರಿ. ಎಎಂಡಿಯಲ್ಲಿ ಬಹುತೇಕ ರೈಜೆನ್‌ಗಳಿಗೆ ಬೀಗವಿಲ್ಲ, ಆದರೆ ಬೋರ್ಡ್ ಬಿ450, ಬಿ550ರಂಥದ್ದಿರಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಎ320, ಎ520ರಲ್ಲಿ ಆ ಅವಕಾಶ ಕೊಟ್ಟಿಲ್ಲ. 2019ರಲ್ಲಿ 49 ಡಾಲರಿಗೆ ಬಂದ ಅಥ್ಲಾನ್ 3000ಜಿ ಬೀಗವಿಲ್ಲದ ಬಡ ಚಿಪ್. ಕೈ ಪಳಗಿಸಿಕೊಳ್ಳಲು ಅದು ಒಳ್ಳೆಯ ಗುರು.

ಮಾನ್ವಿಯಲ್ಲಿ ಅಸಲಿ ಎದುರಾಳಿ ಬಿಸಿಲು. ವೇಗ ಏರಿದಂತೆ ಚಿಪ್ ಹೆಚ್ಚು ವೋಲ್ಟೇಜ್ ಕೇಳುತ್ತದೆ. ಶಾಖ ವೇಗದ ಜೊತೆ ನೇರವಾಗಿ ಏರಿದರೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. ಲೆಕ್ಕ ಹಾಕಿ ನೋಡಬಹುದು. 3.6 ಗಿಗಾಹರ್ಟ್ಸ್, 1.2 ವೋಲ್ಟಿನಲ್ಲಿ 65 ವಾಟ್ ಉರಿಸುವ ಚಿಪ್ಪನ್ನು 4 ಗಿಗಾಹರ್ಟ್ಸ್, 1.35 ವೋಲ್ಟಿಗೆ ಏರಿಸಿದರು ಎಂದುಕೊಳ್ಳಿ. ವೇಗದ ಲಾಭ ನೂರಕ್ಕೆ 11. ಶಾಖ 91 ವಾಟ್, ಅಂದರೆ ನೂರಕ್ಕೆ 40 ಹೆಚ್ಚು. ಸಾಧಾರಣ ಕೂಲರ್ ಪ್ರತಿ ವಾಟಿಗೆ ಚಿಪ್ಪನ್ನು ಕೋಣೆಗಿಂತ 0.6 ಡಿಗ್ರಿ ಬಿಸಿಯಾಗಲು ಬಿಡುತ್ತದೆ ಎಂದಿಟ್ಟುಕೊಂಡರೆ, 27 ಡಿಗ್ರಿಯ ಬೆಂಗಳೂರಿನ ಕೋಣೆಯಲ್ಲಿ ಆ ಚಿಪ್ 82 ಡಿಗ್ರಿಗೆ ನಿಲ್ಲುತ್ತದೆ. ಮೇ ತಿಂಗಳ 42 ಡಿಗ್ರಿಯ ಮಾನ್ವಿಯ ಕೋಣೆಯಲ್ಲಿ ಅದೇ ಚಿಪ್ 97 ಮುಟ್ಟುತ್ತದೆ. ಬಹುತೇಕ ರೈಜೆನ್‌ಗಳ ಮಿತಿ 95. ಅಲ್ಲಿಗೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಪಟ್ಟ ಶ್ರಮ ಬಿಸಿಗಾಳಿಯಾಗಿ ಹೊರಗೆ ಹೋಗುತ್ತದೆ.

ಬೋರ್ಡಿನ ಪಾಡು ಇನ್ನೂ ಕಷ್ಟ. ಎಸ್‌ಎಂಪಿಎಸ್ ಕೊಡುವ 12 ವೋಲ್ಟನ್ನು ಒಂದೂಕಾಲು ವೋಲ್ಟಿನ ಆಸುಪಾಸಿಗೆ ಇಳಿಸಿ ಚಿಪ್ಪಿಗೆ ಹಂಚುವ ವಿಆರ್‌ಎಂ ಭಾಗ ಸಾಕೆಟ್ಟಿನ ಪಕ್ಕದಲ್ಲಿದೆ. ಮೇಲಿನ ಲೆಕ್ಕದಲ್ಲಿ ಅದರ ಮೂಲಕ ಹರಿಯುವ ಕರೆಂಟ್ ಸುಮಾರು 67 ಆಂಪಿಯರ್. ಮನೆಯಲ್ಲಿ ಎಸಿಗೆ ಹಾಕುವ ದಪ್ಪ ಪ್ಲಗ್ಗಿನ ಮಿತಿ 16. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಲೆ ಎಷ್ಟೇ ನೀರು ಬಿಟ್ಟರೂ ತೂಬು ಗಟ್ಟಿ ಇಲ್ಲದಿದ್ದರೆ ಗದ್ದೆಗೆ ಸರಿಯಾಗಿ ಮುಟ್ಟುವುದಿಲ್ಲ. ಅಗ್ಗದ ಬೋರ್ಡುಗಳಲ್ಲಿ ಆ ತೂಬುಗಳ ಮೇಲೆ ಶಾಖ ಹೀರುವ ಲೋಹದ ತುಂಡೂ ಇರುವುದಿಲ್ಲ.

ವೋಲ್ಟೇಜ್ ಹೆಚ್ಚಾದರೆ ದುಬಾರಿ ಚಿಪ್ಪೂ ನಲುಗುತ್ತದೆ. ಇಂಟೆಲ್‌ನ 13, 14ನೇ ತಲೆಮಾರಿನ ಕೆಲವು ಪ್ರೊಸೆಸರ್‌ಗಳು ಅಸ್ಥಿರವಾದಾಗ ಮಿತಿಮೀರಿದ ವೋಲ್ಟೇಜೇ ಕಾರಣವೆಂದು 2024ರಲ್ಲಿ ಕಂಪನಿಯೇ ಒಪ್ಪಿ, ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು.

ಹಾಗಾದರೆ ಬಿಸಿಲ ನಾಡಿನವರು ಕೈ ಕಟ್ಟಿ ಕೂರಬೇಕೇ? ಇಲ್ಲ. ಇಲ್ಲಿಗೆ ಹೊಂದುವುದು ಅದೇ ವಿದ್ಯೆಯ ಇನ್ನೊಂದು ಮಗ್ಗುಲು, ಅಂಡರ್‌ವೋಲ್ಟಿಂಗ್. ವೇಗ ಹಾಗೇ ಇಟ್ಟು ವೋಲ್ಟೇಜ್ ಮಾತ್ರ ಇಳಿಸುವುದು. ಎಲ್ಲ ಚಿಪ್ಪಿಗೂ ಸಾಲಲಿ ಎಂದು ಕಂಪನಿ ತುಸು ಹೆಚ್ಚೇ ವೋಲ್ಟೇಜ್ ಇಟ್ಟಿರುತ್ತದೆ. ಅದೇ 65 ವಾಟಿನ ಚಿಪ್ 1.1 ವೋಲ್ಟಿನಲ್ಲಿ ನಡೆದರೆ ಶಾಖ 55 ವಾಟಿಗೆ ಬರುತ್ತದೆ. ಆ ಮೇ ತಿಂಗಳ ಕೋಣೆಯಲ್ಲೂ 81 ಡಿಗ್ರಿ ಇದ್ದದ್ದು 75ಕ್ಕೆ ಇಳಿಯುತ್ತದೆ. ಫ್ಯಾನಿನ ಸದ್ದು ತಗ್ಗುತ್ತದೆ, ಯುಪಿಎಸ್ ಸ್ವಲ್ಪ ಹೆಚ್ಚು ಹೊತ್ತು ಎಳೆಯುತ್ತದೆ.

ಮಾಡುವ ಕ್ರಮಕ್ಕೆ ತಾಳ್ಮೆ ಬೇಕು. ಮೊದಲು ಡಬ್ಬಿ ಬಿಚ್ಚಿ ಧೂಳು ತೆಗೆಯಬೇಕು; ಅಕ್ಕಿ ಗಿರಣಿಗಳ ಊರಿನಲ್ಲಿ ಹೊಟ್ಟಿನ ನವಿರು ಧೂಳು ಕೂಲರಿನ ಎಸಳುಗಳ ನಡುವೆ ಗೋಡೆಯನ್ನೇ ಕಟ್ಟಿರುತ್ತದೆ. ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಬೇಕು. ಆಮೇಲೆ, ಬೋರ್ಡ್ ಅವಕಾಶ ಕೊಟ್ಟರೆ, ಬಯಾಸ್‌ನಲ್ಲಿ ವೋಲ್ಟೇಜನ್ನು 0.025 ವೋಲ್ಟಿನಷ್ಟು ಇಳಿಸಿ, ಒಂದು ಗಂಟೆ ಪೂರ್ತಿ ಹೊರೆ ಹೊರಿಸಿ ನೋಡಬೇಕು. ನಿಂತರೆ ಇನ್ನಷ್ಟು, ಯಂತ್ರ ತಡವರಿಸಿದರೆ ಒಂದು ಮೆಟ್ಟಿಲು ಹಿಂದಕ್ಕೆ. ಬಯಾಸ್‌ನಲ್ಲಿ ಆ ಅವಕಾಶವಿಲ್ಲದ ಯಂತ್ರಕ್ಕೂ ಒಂದು ದಾರಿಯಿದೆ: ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ಓಟ ನಿಲ್ಲುತ್ತದೆ. ಯುಗಾದಿಯ ಹೊತ್ತಿಗೆ ಹೀಗೆ ಇಳಿಸಿ, ಮಳೆ ಹಿಡಿದ ಮೇಲೆ ಮತ್ತೆ 100ಕ್ಕೆ ತಂದರಾಯಿತು.