ಗಂಟಲಿನ ಖಾಯಂ ನಿವಾಸಿಗಳು

ಮಂಗಳೂರಿನಲ್ಲಿ ಮಳೆ ಶುರುವಾಯಿತೆಂದರೆ ಗಂಟಲು ನೋವೂ ಶುರು. ಜುಲೈ ತಿಂಗಳಲ್ಲಿ ನಮ್ಮ ಶಕ್ತಿನಗರದಿಂದ ಸ್ಟೇಟ್ ಬ್ಯಾಂಕ್‌ಗೆ ಹೋಗುವ ಸಿಟಿ ಬಸ್ ಹತ್ತಿದರೆ ಕಂಡಕ್ಟರ್ ವಿಸಿಲ್‌ಗಿಂತ ಕೆಮ್ಮೇ ಜೋರಾಗಿ ಕೇಳುತ್ತದೆ. ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಅದೇ ಕಥೆ. "ಗಂಟಲು ನೋವು, ಇವತ್ತು ವರ್ಕ್ ಫ್ರಮ್ ಹೋಮ್" ಅಂತ ಒಬ್ಬರು ಹಾಕಿದ ಐದೇ ನಿಮಿಷಕ್ಕೆ ಇನ್ನೊಬ್ಬರ ಉತ್ತರ: "ಮೂರು ದಿನ ಅಜಿತ್ರೋಮೈಸಿನ್ ತಗೊಳ್ಳಿ, ಸರಿ ಆಗ್ತದೆ." ಸಾಫ್ಟ್‌ವೇರ್‌ನವರು ನಾವು, ಏನೇ ತೊಂದರೆ ಬಂದರೂ ತಕ್ಷಣ ಒಂದು ಪ್ಯಾಚ್ ಬೇಕು.

ಆದರೆ ಆ ಮಾತ್ರೆ ಗಂಟಲಿಗೆ ಇಳಿದು ಯಾರನ್ನೆಲ್ಲ ಹೊರಹಾಕುತ್ತದೆ ಗೊತ್ತಾ?

ಯಾರಿವರು?

ಗಂಟಲಿನ ಸ್ವಾಬ್ ತೆಗೆದು ಕಲ್ಚರ್‌ಗೆ ಕೊಟ್ಟವರು ರಿಪೋರ್ಟಿನಲ್ಲಿ "ನಾರ್ಮಲ್ ಥ್ರೋಟ್ ಫ್ಲೋರಾ" ಅನ್ನುವ ಸಾಲು ನೋಡಿರಬಹುದು. ಬ್ಯಾಕ್ಟೀರಿಯಾ ಬೆಳೆದಿದೆ ಎಂದ ಕೂಡಲೇ ಎದೆ ಧಸಕ್ ಅನ್ನುತ್ತದೆ. ನಿಜವಾಗಿ ಅದು ಸಮಾಧಾನದ ಸುದ್ದಿ. ಗಂಟಲಿನಲ್ಲಿ ಇರಬೇಕಾದವರು ಇದ್ದಾರೆ, ಲ್ಯಾಬ್‌ನವರು ಹುಡುಕುತ್ತಿದ್ದ ರೋಗಾಣು ಸಿಗಲಿಲ್ಲ ಅಂತ ಅರ್ಥ.

ಅಮೆರಿಕದ ಹ್ಯೂಮನ್ ಮೈಕ್ರೋಬಯೋಮ್ ಪ್ರಾಜೆಕ್ಟ್ 2012ರಲ್ಲಿ 242 ಮಂದಿ ಆರೋಗ್ಯವಂತರ ದೇಹದ ಸೂಕ್ಷ್ಮಜೀವಿಗಳ ವಿವರ ಪ್ರಕಟಿಸಿತು. ಸ್ಯಾಂಪಲ್ ತೆಗೆದ ಜಾಗಗಳಲ್ಲಿ ಗಂಟಲು, ಟಾನ್ಸಿಲ್ ಎರಡೂ ಇದ್ದವು. ಕಾಯಿಲೆ ಇಲ್ಲದವರ ಗಂಟಲಲ್ಲೂ ಸ್ಟ್ರೆಪ್ಟೋಕಾಕಸ್, ವೀಲೋನೆಲ್ಲಾ, ಪ್ರಿವೋಟೆಲ್ಲಾ, ನೈಸೀರಿಯಾ, ಹೀಮೋಫಿಲಸ್ ಹೀಗೆ ದೊಡ್ಡ ಕೂಡು ಕುಟುಂಬವೇ ಉಂಟು. ಮೆದುಳಿನ ಪೊರೆಗೆ ಸೋಂಕು ತರಬಲ್ಲ ಮೆನಿಂಜೋಕಾಕಸ್ ಕೂಡ ಸುಮಾರು ಹತ್ತರಲ್ಲಿ ಒಬ್ಬ ವಯಸ್ಕರ ಮೂಗು-ಗಂಟಲಲ್ಲಿ ಏನೂ ತೊಂದರೆ ಕೊಡದೆ ಇರುತ್ತದೆ.

ಇವರಲ್ಲಿ ಹೆಚ್ಚು ಕಾಣುವವರು ವಿರಿಡಾನ್ಸ್ ಸ್ಟ್ರೆಪ್ಟೋಕಾಕಸ್‌ಗಳು. ಕುರಿಯ ರಕ್ತ ಬೆರೆಸಿದ ಲ್ಯಾಬ್ ತಟ್ಟೆಯಲ್ಲಿ ಬೆಳೆಸಿದರೆ ಸುತ್ತ ಹಸಿರು ಛಾಯೆ ಬರುತ್ತದೆ, ಹೆಸರಿನ ಅರ್ಥವೂ ಹಸಿರು ಅಂತಲೇ. ನಿಜವಾದ 'ಸ್ಟ್ರೆಪ್ ಥ್ರೋಟ್' ತರುವ ಗ್ರೂಪ್ ಎ ಸ್ಟ್ರೆಪ್ಟೋಕಾಕಸ್ ಅದೇ ತಟ್ಟೆಯ ರಕ್ತಕಣಗಳನ್ನು ಪೂರ್ತಿ ಒಡೆದು, ತನ್ನ ಸುತ್ತ ತಿಳಿ ಉಂಗುರ ಬಿಡುತ್ತದೆ. ಹೆಸರಿನಲ್ಲಿ ದಾಯಾದಿಗಳು, ನಡತೆಯಲ್ಲಿ ಅಜಗಜಾಂತರ.

ಇರುವುದರಿಂದ ಲಾಭ ಏನು?

ಒಂದು: ಜಾಗ ತುಂಬಿರುತ್ತದೆ. ಹೊರಗಿನಿಂದ ಬಂದ ರೋಗಾಣುವಿಗೆ ಅಂಟಿಕೊಳ್ಳಲು ಸೀಟು ಸಿಗುವುದು ಕಷ್ಟ, ಆಹಾರಕ್ಕೂ ಪೈಪೋಟಿ. ಎರಡು: ಕೆಲವರು ಆಯುಧವನ್ನೂ ಇಟ್ಟುಕೊಂಡಿದ್ದಾರೆ. ನ್ಯೂಜಿಲೆಂಡ್‌ನ ಒಟಾಗೋ ವಿಶ್ವವಿದ್ಯಾಲಯದ ಜಾನ್ ಟ್ಯಾಗ್ ಇದನ್ನೇ ದಶಕಗಟ್ಟಲೆ ಹುಡುಕಿದವರು. ಅವರಿಗೆ ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದಿತ್ತು. ಅವರ ತಂಡ ಮಗುವೊಂದರ ಗಂಟಲಿನಿಂದ ಪಡೆದ ಸ್ಟ್ರೆಪ್ಟೋಕಾಕಸ್ ಸಲಿವೇರಿಯಸ್‌ನ ಕೆ12 ಎಂಬ ತಳಿ, ಗ್ರೂಪ್ ಎ ಸ್ಟ್ರೆಪ್ಟೋಕಾಕಸ್ ಬೆಳೆಯದಂತೆ ತಡೆಯುವ ಸಲಿವರಿಸಿನ್ ಎಂಬ ಪ್ರೊಟೀನ್ ತುಣುಕುಗಳನ್ನು ತಯಾರಿಸುತ್ತದೆ.

ಆ್ಯಂಟಿಬಯೋಟಿಕ್‌ಗೂ ಗಂಟಲಿಗೂ ಹಳೇ ನಂಟು. ಅಲೆಕ್ಸಾಂಡರ್ ಫ್ಲೆಮಿಂಗ್ 1929ರಲ್ಲಿ ಪೆನಿಸಿಲಿನ್ ಬಗ್ಗೆ ಬರೆದ ಮೊದಲ ಲೇಖನದಲ್ಲಿ ಅದಕ್ಕೆ ಕೊಟ್ಟ ಮುಖ್ಯ ಉಪಯೋಗ ಲ್ಯಾಬಿನದ್ದು. ಗಂಟಲಿನ ಸ್ಯಾಂಪಲ್‌ನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಮೇಲೇಳದಂತೆ ಮಾಡಿ, ಪೆನಿಸಿಲಿನ್‌ಗೆ ಬಗ್ಗದ ಹೀಮೋಫಿಲಸ್ ಇನ್‌ಫ್ಲುಯೆಂಜಾವನ್ನು ಬೇರ್ಪಡಿಸುವುದು. ಗದ್ದೆಯಲ್ಲಿ ಕಳೆನಾಶಕ ಹೊಡೆದ ಹಾಗೆ. ಕೆಲವರು ಸಾಯುತ್ತಾರೆ, ತಡೆದುಕೊಳ್ಳುವವರು ಹಬ್ಬುತ್ತಾರೆ.

ನಮ್ಮ ಮೂರು ದಿನದ ಕೋರ್ಸ್‌ನಲ್ಲೂ ಆಗುವುದು ಇದೇ. ಬೆಲ್ಜಿಯಂನಲ್ಲಿ 224 ಮಂದಿ ಆರೋಗ್ಯವಂತರಿಗೆ ಅಜಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್ ಅಥವಾ ಬರೀ ಸುಳ್ಳು ಮಾತ್ರೆ ಕೊಟ್ಟು ಅವರ ಗಂಟಲಿನ ಸ್ಟ್ರೆಪ್ಟೋಕಾಕಸ್‌ಗಳನ್ನು ಗಮನಿಸಿದರು. 2007ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಫಲಿತಾಂಶ: ನಿಜ ಮಾತ್ರೆ ತಿಂದವರಲ್ಲಿ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳ ಪಾಲು ಏಕಾಏಕಿ ಏರಿತು, ಆರು ತಿಂಗಳಾದರೂ ಮೊದಲಿನ ಮಟ್ಟಕ್ಕೆ ಇಳಿದಿರಲಿಲ್ಲ. ಈ ಸಾಧು ಬ್ಯಾಕ್ಟೀರಿಯಾಗಳು ತಮ್ಮ ನಿರೋಧಕ ಜೀನ್‌ಗಳನ್ನು ನ್ಯುಮೋನಿಯಾ ತರುವ ದಾಯಾದಿಗೆ ದಾಟಿಸಬಲ್ಲವು. ಮುಂದೆ ನಿಜಕ್ಕೂ ಔಷಧ ಬೇಕಾದಾಗ ಅದು ನಾಟದಿದ್ದರೆ?

ಹಾಗಾದರೆ ಸುಮ್ಮನೆ ಬಿಡುವುದಾ?

ಅದೂ ಅಲ್ಲ. ಇದು ನನ್ನ ಮಟ್ಟಿಗೆ ಪುಸ್ತಕದ ವಿಷಯ ಅಲ್ಲ, ನಮ್ಮ ದೊಡ್ಡಮ್ಮನ ವಿಷಯ. ಬೆಳ್ತಂಗಡಿ ಕಡೆಯ ಹಳ್ಳಿಯಲ್ಲಿ ಶಾಲೆಗೆ ಹೋಗುತ್ತಿದ್ದಾಗ ಅವರಿಗೆ ಮತ್ತೆ ಮತ್ತೆ ಗಂಟಲು ನೋವು ಬರುತ್ತಿತ್ತಂತೆ, ಆಮೇಲೆ ಗಂಟುಗಳು ಊದಿ ಜ್ವರ. "ಬೆಳೆಯುವ ಮಕ್ಕಳಿಗೆ ಕಾಲು ನೋಯ್ತದೆ" ಅಂತ ಮನೆಯವರು ಎಣ್ಣೆ ಹಚ್ಚಿದರು. ಅದು ರುಮ್ಯಾಟಿಕ್ ಜ್ವರ ಅಂತ ತಿಳಿದದ್ದು ಮದುವೆಯಾಗಿ, ಹೊಟ್ಟೆಯಲ್ಲಿ ಮಗು ಇದ್ದಾಗ ಉಸಿರು ಕಟ್ಟಿದ ಮೇಲೆ. ಈಗ ಅವರ ಎದೆಯಲ್ಲಿ ಲೋಹದ ವಾಲ್ವ್ ಇದೆ. ರಾತ್ರಿ ಫ್ಯಾನ್ ನಿಲ್ಲಿಸಿದರೆ ಟಿಕ್ ಟಿಕ್ ಶಬ್ದ ನಮಗೂ ಕೇಳುತ್ತದೆ.

ಗ್ರೂಪ್ ಎ ಸ್ಟ್ರೆಪ್ಟೋಕಾಕಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ಕೆಲವರಲ್ಲಿ ದಾರಿ ತಪ್ಪಿ, ಗಂಟಲು ವಾಸಿಯಾದ ಎರಡು ಮೂರು ವಾರಕ್ಕೆ ಸ್ವಂತ ಹೃದಯದ ಕವಾಟಗಳ ಮೇಲೆ ತಿರುಗುತ್ತವೆ. 5ರಿಂದ 15 ವರ್ಷದ ಮಕ್ಕಳಿಗೆ ಅಪಾಯ ಹೆಚ್ಚು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ಕಿರಿದಾದ ಕವಾಟವನ್ನು ಬಲೂನ್ ಹಾಕಿ ಅಗಲಿಸುವ ಚಿಕಿತ್ಸೆ ನಡೆಯುವುದು ಹೆಚ್ಚಾಗಿ ಈ ಕಾಯಿಲೆಗೆ. ಸ್ಟ್ರೆಪ್ ಶುರುವಾದ ಒಂಬತ್ತು ದಿನದೊಳಗೆ ಪೆನಿಸಿಲಿನ್ ಕೊಟ್ಟರೂ ರುಮ್ಯಾಟಿಕ್ ಜ್ವರ ತಡೆಯಬಹುದು. ಅಂದರೆ ಪರೀಕ್ಷೆ ಮಾಡಿಸಲು ಸಮಯ ಉಂಟು.

ದೊಡ್ಡಮ್ಮನ ಕಥೆಗೆ ಇನ್ನೊಂದು ತಿರುವು. ಹಲ್ಲು ಕೀಳಿಸುವ ಮೊದಲು ಅವರು ಒಂದು ಡೋಸ್ ಆ್ಯಂಟಿಬಯೋಟಿಕ್ ತೆಗೆದುಕೊಳ್ಳಲೇಬೇಕು. "ಒಂದು ಹಲ್ಲಿಗೆ ಇಷ್ಟೆಲ್ಲ ಉಂಟಾ ಮಾರಾಯ?" ಅಂತ ಅವರ ಪ್ರಶ್ನೆ. ಉಂಟು. ಬಾಯಿ, ಗಂಟಲಲ್ಲಿ ಸಾಧುವಾಗಿರುವ ಅದೇ ವಿರಿಡಾನ್ಸ್, ಗಾಯದ ಮೂಲಕ ರಕ್ತ ಸೇರಿ ಕೃತಕ ವಾಲ್ವ್‌ನಲ್ಲಿ ಕೂತರೆ ಜೀವಕ್ಕೇ ಕುತ್ತು. ಬ್ಯಾಕ್ಟೀರಿಯಾ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಅದು ಎಲ್ಲಿದೆ ಅನ್ನುವುದರ ಮೇಲೂ ನಿಂತಿದೆ.

ಏನು ಮಾಡಬೇಕು?

ಗಂಟಲು ನೋವೆಂದು ಡಾಕ್ಟರ ಬಳಿ ಹೋಗುವ 100 ವಯಸ್ಕರಲ್ಲಿ ಸ್ಟ್ರೆಪ್ ಇರುವುದು 5ರಿಂದ 15 ಮಂದಿಗೆ, ಮಕ್ಕಳಲ್ಲಿ 20ರಿಂದ 30 ಮಂದಿಗೆ. ಉಳಿದದ್ದು ಹೆಚ್ಚಾಗಿ ವೈರಸ್, ಅದಕ್ಕೆ ಆ್ಯಂಟಿಬಯೋಟಿಕ್ ತಾಗುವುದೇ ಇಲ್ಲ. ಮೂಗು ಸೋರುತ್ತಿದ್ದರೆ, ಕೆಮ್ಮಿದ್ದರೆ, ಸ್ವರ ಬಿದ್ದಿದ್ದರೆ ವೈರಸ್ ಇರುವ ಸಂಭವವೇ ಜಾಸ್ತಿ. ಉಪ್ಪುನೀರು ಬಾಯಿ ಮುಕ್ಕಳಿಸಿ, ಶುಂಠಿ-ಕರಿಮೆಣಸಿನ ಕಷಾಯ ಕುಡಿದು, ರೆಸ್ಟ್ ತೆಗೆದುಕೊಂಡರೆ ಒಂದು ವಾರದಲ್ಲಿ ಹೆಚ್ಚಿನವರಿಗೆ ವಾಸಿ.

ಕೆಮ್ಮಿಲ್ಲದೆ ಜ್ವರ, ಟಾನ್ಸಿಲ್ ಮೇಲೆ ಬಿಳಿ ಕಲೆ, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು ಇದ್ದರೆ ಡಾಕ್ಟರ್ ಹತ್ತಿರ ಹೋಗಿ, "ಸ್ವಾಬ್ ಬೇಕಾ?" ಅಂತ ಕೇಳಿ. ಉಸಿರಾಟಕ್ಕೆ ಕಷ್ಟ, ಎಂಜಲು ನುಂಗಲಾಗದ ಸ್ಥಿತಿ ಬಂದರೆ ಕಾಯಲೇಬೇಡಿ. ಸ್ಟ್ರೆಪ್ ಅಂತ ಖಚಿತವಾಗಿ ಔಷಧ ಬರೆದುಕೊಟ್ಟರೆ, ಎರಡನೇ ದಿನಕ್ಕೇ ನೋವು ಹೋದರೂ ಹೇಳಿದಷ್ಟು ದಿನ ಪೂರ್ತಿ ನುಂಗಿ. ಮಕ್ಕಳಿಗೆ ಗಂಟಲು ನೋವಿನ ನಂತರ ಗಂಟು ಊದಿದರೆ, ಅದನ್ನು ಬೆಳವಣಿಗೆಯ ನೋವು ಅಂತ ಬಿಡಬೇಡಿ.

ಮೆಡಿಕಲ್‌ನಲ್ಲಿ ಮಾತ್ರೆ ಸ್ಟ್ರಿಪ್ ಕೈಗೆ ಬಂದಾಗ ಹಿಂದೆ ತಿರುಗಿಸಿ ನೋಡಿ. ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ತಿನ್ನುವ ಮಾತ್ರೆ ಅಲ್ಲ.