ಲಾರಿಯ ಮುಂದೋ, ಹಿಂದೋ?

ಪ್ರಶ್ನೆ: ಸರ್ವೀಸ್ ರಸ್ತೆಯಿಂದ ಹೆದ್ದಾರಿಗೆ ಸೇರುವಾಗ ಪಕ್ಕದಲ್ಲೇ ಲೋಡ್ ಲಾರಿ ನಿಧಾನವಾಗಿ ಬರುತ್ತಿದ್ದರೆ ಅದರ ಮುಂದೆ ಹೋಗಬೇಕೇ, ಹಿಂದೆ ಉಳಿಯಬೇಕೇ?

ಉತ್ತರ: ಬಹುಪಾಲು ಸಂದರ್ಭಗಳಲ್ಲಿ ಹಿಂದೆಯೇ. ನಮ್ಮಲ್ಲಿ ಚಾಲಕ ಕೂರುವುದು ಬಲಕ್ಕೆ, ನಾವು ಹೆದ್ದಾರಿಗೆ ಸೇರುವುದು ಎಡದಿಂದ. ಎತ್ತರದ ಕ್ಯಾಬಿನ್‌ನ ಎಡಬಾಗಿಲ ಕೆಳಗಿನ ಜಾಗವಂತೂ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಅವನ ಕನ್ನಡಿಯಲ್ಲಿ ನಿಮಗೆ ಅವನ ಮುಖ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ ಎಂದೇ ತಿಳಿಯಿರಿ. ನಿಧಾನವಾಗಿದೆಯೆಂದು ಮುಂದೆ ನುಗ್ಗಿದರೆ, ಅಷ್ಟು ಭಾರದ ಗಾಡಿ ತಟ್ಟನೆ ನಿಲ್ಲದು.

ಆದರೆ ನಿಜವಾದ ಅಪಾಯ ಶುರುವಾಗುವುದು ಹಿಂದೆ ಸೇರಿಕೊಂಡ ಮೇಲೆ. ಬೇಸತ್ತು ತಕ್ಷಣ ಬಲಕ್ಕೆ ಎಳೆಯುತ್ತೇವೆ. ಲಾರಿಯಷ್ಟೇ, ಅಂದರೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ನೀವಿದ್ದು, ಬಲಗಡೆಯ ಕಾರು 80ರಲ್ಲಿ ಬರುತ್ತಿದ್ದರೆ 100 ಮೀಟರ್ ಅಂತರ ಕೇವಲ 9 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ! ಸ್ವಲ್ಪ ಹೊತ್ತು ಅಂತರ ಬಿಟ್ಟು ಹಿಂಬಾಲಿಸಿ, ಬಲಗನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಆ ಅಂತರದಲ್ಲೇ ವೇಗ ಹೆಚ್ಚಿಸಿಕೊಂಡು ಹೊರಬನ್ನಿ.

ಮಂಡ್ಯ, ಬೆಳಗಾವಿ ಕಡೆ ಕಬ್ಬಿನ ಹಂಗಾಮಿನಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಟ್ರ್ಯಾಕ್ಟರ್ ಹಿಂದೆ ಎರಡು ಟ್ರೇಲರ್ ಇರಬಹುದು, ಹೊರಚಾಚಿದ ಕಬ್ಬು ಹಿಂದಿನ ದೀಪವನ್ನೇ ಮುಚ್ಚಿರಬಹುದು. ರಾತ್ರಿಯಾದರೆ ಅದು ಪೂರ್ತಿ ದಾಟಿಹೋಗುವವರೆಗೆ ಸರ್ವೀಸ್ ರಸ್ತೆಯಲ್ಲೇ ಕಾಯಿರಿ.