ಪುಟಾಣಿ ಪೋಲೋಗೆ ಪೈಲ್ವಾನನ ದಮ್ಮು!

ಮೂರೇ ಸಿಲಿಂಡರು, 999 ಸಿಸಿ. ಆದರೂ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದಂತೆ ಸುಂಯ್ ಎಂದು ಮುಂದಿನ ತಿರುವು ದಾಟಿರುತ್ತದೆ. 2020ರಲ್ಲಿ ಬಂದು, 2022ರಲ್ಲಿ ತಯಾರಿಕೆ ನಿಂತ ಫೋಕ್ಸ್‌ವ್ಯಾಗನ್ ಪೋಲೋ 1.0 ಟಿಎಸ್‌ಐ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಹುಡುಗರು ಬಿಡೋದಿಲ್ಲ. ಕಂಪನಿ ಕೊಟ್ಟಿದ್ದೇ 110 ಅಶ್ವಶಕ್ತಿ. ಅದೂ ಸಾಲದಂತೆ!

ಗುಟ್ಟೆಲ್ಲ ಟರ್ಬೊದಲ್ಲಿದೆ. ಹೊರಹೋಗುವ ಹೊಗೆಯ ರಭಸಕ್ಕೆ ಚಕ್ರವೊಂದು ತಿರುಗಿ ಎಂಜಿನ್ನಿಗೆ ಗಾಳಿ ತುರುಕುತ್ತದೆ. ಎಷ್ಟು ತುರುಕಬೇಕು ಅನ್ನೋದು ಬಾನೆಟ್ ಒಳಗಿನ ಕಂಪ್ಯೂಟರಿನ ಲೆಕ್ಕ. ಆ ಲೆಕ್ಕ ತಿದ್ದೋದೇ ‘ರೀಮ್ಯಾಪ್’. ಸ್ಪ್ಯಾನರ್ ಬೇಡ, ಲ್ಯಾಪ್‌ಟಾಪ್ ಸಾಕು. ಬರೀ ಏರ್ ಫಿಲ್ಟರ್ ಬದಲಿಸಿದವರಿಗೆ ಸಿಗೋದು ಹೆಚ್ಚಾಗಿ ಸದ್ದು ಮಾತ್ರ.

ಗಾಳಿ ಹೆಚ್ಚಿದರೆ ಶಾಖವೂ ಹೆಚ್ಚು. ಆಕ್ಟೇನ್ ಕಡಿಮೆಯಿದ್ದರೆ ಪೆಟ್ರೋಲು ತಾನಾಗಿ ಸಿಡಿದು ಎಂಜಿನ್ ‘ನಾಕ್’ ಹೊಡೆಯುತ್ತದೆ; ಪಿಸ್ಟನ್ನಿಗೇ ಕುತ್ತು. ಹಾಗಾಗಿ 95 ಆಕ್ಟೇನ್ ಪೆಟ್ರೋಲು, ಹೊಸ ಸ್ಪಾರ್ಕ್ ಪ್ಲಗ್ಗು, ಹೊತ್ತಿಗೆ ಸರಿಯಾಗಿ ಆಯಿಲ್. ಹಳೇ ಕ್ಲಚ್ ಜಾರತೊಡಗಿದರೆ ಆ ಖರ್ಚು ಬೇರೆ.

ಇನ್ನು ಕಾನೂನು. ಆರ್‌ಸಿಯ ವಿವರ ಕಂಪನಿ ಮೂಲತಃ ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸಬಾರದು ಅನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ವಾರಂಟಿ ಉಳಿದಿದ್ದರೆ ಅದಕ್ಕೂ ಎಳ್ಳುನೀರು. ಅಪಘಾತವಾದರೆ ವಿಮೆಯವರ ತಕರಾರು ಬೇರೆ.

ಬಲ್ಲವರು ಮೊದಲು ದುಡ್ಡು ಹಾಕೋದು ಒಳ್ಳೇ ಟೈರು, ಬ್ರೇಕ್ ಪ್ಯಾಡಿಗೆ. ಇಷ್ಟೆಲ್ಲ ಓಡುವ ಈ ಕಾರಿನ ಹಿಂಚಕ್ರಕ್ಕಿರೋದು ಹಳೇ ಕಾಲದ ಡ್ರಮ್ ಬ್ರೇಕು. ರೀಮ್ಯಾಪಿಗೆಂದು ದುಡ್ಡು ಕೂಡಿಟ್ಟ ಎಷ್ಟೋ ಹುಡುಗರು ಅದನ್ನು ಬಗ್ಗಿ ನೋಡಿಯೂ ಇರೋದಿಲ್ಲ.